ಒಂಟಾರಿಯೋನಾ, ಬ್ರಿಟಿಷ್ ಕೊಲಂಬಿಯಾನಾ? ಆಸ್ಪತ್ರೆ ಲೆಕ್ಕದಲ್ಲಿ ನೋಡಿದರೆ

ಕೆನಡಾಕ್ಕೆ ಹೊರಟವರು ಕೆಲಸ, ಬಾಡಿಗೆ ಎಲ್ಲಾ ವಿಚಾರಿಸುತ್ತಾರೆ. ಆಸ್ಪತ್ರೆ ಬಗ್ಗೆ ಕೇಳುವವರು ಕಡಿಮೆ. ಅಲ್ಲಿ ದೇಶಕ್ಕೆಲ್ಲ ಒಂದೇ ಸರ್ಕಾರಿ ವಿಮೆ ಇಲ್ಲ. 1984ರ ಕೆನಡಾ ಹೆಲ್ತ್ ಆ್ಯಕ್ಟ್ ನಿಯಮ ಹಾಕುತ್ತದೆ, ಕೇಂದ್ರ ಒಂದು ಪಾಲು ದುಡ್ಡು ಕೊಡುತ್ತದೆ, ನಡೆಸುವುದು ಮಾತ್ರ ಒಂಟಾರಿಯೋ, ಬ್ರಿಟಿಷ್ ಕೊಲಂಬಿಯಾದಂಥ ಪ್ರಾಂತ್ಯಗಳೇ.

ಪಿಆರ್ (ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕಿ ಹೋಗುವವರಿಗೆ ಒಂಟಾರಿಯೋ ಸಲೀಸು. ಸರ್ಕಾರಿ ವಿಮೆಗೆ ಮೂರು ತಿಂಗಳು ಕಾಯಬೇಕೆಂಬ ನಿಯಮವನ್ನು 2020ರಲ್ಲೇ ತೆಗೆದರು. ಬ್ರಿಟಿಷ್ ಕೊಲಂಬಿಯಾದಲ್ಲಿ (ಬಿ.ಸಿ.) ಬಂದ ತಿಂಗಳ ಉಳಿದ ದಿನ, ಮೇಲೆ ಎರಡು ತಿಂಗಳು ಕಾಯಬೇಕು. ಜೂನ್ 10ಕ್ಕೆ ಇಳಿದರೆ ಸೆಪ್ಟೆಂಬರ್ 1ರಿಂದ ವಿಮೆ. ಅಲ್ಲಿಯವರೆಗೆ ಖಾಸಗಿ ವಿಮೆ ಇಲ್ಲದೆ ಇರಬೇಡಿ, ಚಿಕ್ಕ ಮಕ್ಕಳಿದ್ದರಂತೂ ಬೇಡವೇ ಬೇಡ.

ಓದಲು ಹೋಗುವವರಿಗೆ ಲೆಕ್ಕ ಉಲ್ಟಾ. ಆರು ತಿಂಗಳಿಗಿಂತ ಜಾಸ್ತಿ ಓದುವ ವಿದೇಶಿ ವಿದ್ಯಾರ್ಥಿಗೆ ಬಿ.ಸಿ. ಸರ್ಕಾರಿ ವಿಮೆ ಕೊಡುತ್ತದೆ, ತಿಂಗಳಿಗೆ 75 ಡಾಲರ್ ಕಟ್ಟಬೇಕು. ಒಂಟಾರಿಯೋ ವಿದ್ಯಾರ್ಥಿಗಳನ್ನು ತನ್ನ ಯೋಜನೆಗೆ ಸೇರಿಸಿಕೊಳ್ಳುವುದಿಲ್ಲ.

ಫ್ಯಾಮಿಲಿ ಡಾಕ್ಟರ್ ಸಿಗುವುದು ಎರಡೂ ಕಡೆ ಕಷ್ಟ. ಬಿ.ಸಿ. 2023ರಲ್ಲಿ ಡಾಕ್ಟರ ಸಂಬಳದ ರೀತಿಯನ್ನೇ ಬದಲಿಸಿತು. ಎಷ್ಟು ರೋಗಿಗಳನ್ನು ನೋಡಿದರು ಅನ್ನುವುದರ ಜೊತೆಗೆ, ಎಷ್ಟು ಹೊತ್ತು ಕೊಟ್ಟರು ಅನ್ನುವುದಕ್ಕೂ ದುಡ್ಡು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇರುವ ಅಪ್ಪ-ಅಮ್ಮನಿಗೆ ಇದು ದೊಡ್ಡ ವಿಷಯ ಅಲ್ವಾ? ಒಂಟಾರಿಯೋ ಅದೇ ವರ್ಷ ಕಣ್ಣಿನ ಪೊರೆ, ಮಂಡಿ ಶಸ್ತ್ರಚಿಕಿತ್ಸೆಗಳನ್ನು ಖಾಸಗಿ ಕ್ಲಿನಿಕ್‌ಗಳಲ್ಲೂ ಮಾಡಿಸಲು ಕಾನೂನು ತಂದಿತು. ಖರ್ಚು ಸರ್ಕಾರದ್ದೇ. ಸರದಿ ಕರಗಬಹುದು, ಆದರೆ ಸರ್ಕಾರಿ ಆಸ್ಪತ್ರೆಯ ನರ್ಸ್‌ಗಳೇ ಅಲ್ಲಿಗೆ ಹೋಗಿಬಿಟ್ಟರೆ ಎಂಬ ಭಯ ನನಗಿದೆ. ವಯಸ್ಸಾದವರನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ ನಾನು ಬಿ.ಸಿ. ಅನ್ನುತ್ತೇನೆ.