'ಲೈಫ್‌ಟೈಮ್ ಆಟೋಕ್ಯಾಡ್' ಅಂತ ಯಾರಾದ್ರೂ ಮಾರಲು ಬಂದರೆ...

ತುಮಕೂರಲ್ಲಿ ನಂದೊಂದು ಸಣ್ಣ ಆಫೀಸು. ಮನೆ ಪ್ಲಾನ್ ಹಾಕಿಕೊಡುತ್ತೇನೆ, ಜೊತೆಗೊಬ್ಬ ಡ್ರಾಫ್ಟ್ಸ್‌ಮನ್ ಇದ್ದಾನೆ. ಹೋದ ವರ್ಷ ವಾಟ್ಸಾಪ್‌ನಲ್ಲಿ ಸಿಕ್ಕ ಒಬ್ಬನಿಂದ 6,000 ರೂಪಾಯಿಗೆ, ಕಂಪ್ಯೂಟರಿನಲ್ಲಿ ಪ್ಲಾನ್ ಎಳೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನ 'ಲೈಫ್‌ಟೈಮ್ ಲೈಸೆನ್ಸ್' ತಗೊಂಡೆ. ಒಂದು ಈಮೇಲ್ ಐಡಿ, ಪಾಸ್‌ವರ್ಡ್ ಕಳಿಸಿದ. ಬಿಲ್ ಕೇಳಿದ್ದಕ್ಕೆ 'ಆಮೇಲೆ ಕಳಿಸ್ತೀನಿ ಸರ್' ಅಂದ. ಆ ಆಮೇಲೆ ಇನ್ನೂ ಬಂದಿಲ್ಲ.

ಹನ್ನೊಂದು ತಿಂಗಳು ಚೆನ್ನಾಗೇ ಓಡಿತು. ಒಂದು ಸೋಮವಾರ ಬೆಳಿಗ್ಗೆ ಪಾಸ್‌ವರ್ಡ್ ತಪ್ಪು ಅಂತ ಬಂತು. ಅವತ್ತೇ ಒಂದು ಸೈಟಿನಲ್ಲಿ ಸೆಂಟ್ರಿಂಗ್ ಮುಗಿದಿತ್ತು. ಕಂಬಿ ಕಟ್ಟುವವರು ಸ್ಲ್ಯಾಬ್ ಡ್ರಾಯಿಂಗ್‌ಗೆ ಕಾದು ಕೂತಿದ್ದರು. ಮೇಸ್ತ್ರಿಯಿಂದ ಫೋನ್ ಮೇಲೆ ಫೋನ್. ಮಾರಿದವನ ನಂಬರ್ ಸ್ವಿಚ್ ಆಫ್!

ಆ ಐಡಿ ನೋಡಿದ ಗೆಳೆಯ ನಕ್ಕುಬಿಟ್ಟ. ಕೊನೆಯಲ್ಲಿ ಯಾವುದೋ ಕಾಲೇಜಿನ ಹೆಸರಿತ್ತು. ಅದು ವಿದ್ಯಾರ್ಥಿಗಳ ಲೈಸೆನ್ಸ್. ಅವರಿಗೆ ಪುಕ್ಕಟೆ, ಒಂದು ವರ್ಷಕ್ಕೆ ಮಾತ್ರ. ದುಡ್ಡು ತಗೊಂಡು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ಪುಕ್ಕಟೆ ಮಾಲಿಗೆ ನಾನು ಆರು ಸಾವಿರ ಕೊಟ್ಟಿದ್ದೆ. ಐಡಿ ನೋಡಿದಾಗಲೇ ಅನುಮಾನ ಬರಬೇಕಿತ್ತು, ಅಗ್ಗ ಅಂತ ಕಣ್ಣು ಮುಚ್ಚಿಕೊಂಡೆ.

'ಲೈಫ್‌ಟೈಮ್' ಅನ್ನೋ ಮಾತೇ ಸುಳ್ಳು. ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ಹೊಸದಾಗಿ ಅಂಥ ಲೈಸೆನ್ಸ್ ಮಾರೋದನ್ನ 2016ರಲ್ಲೇ ನಿಲ್ಲಿಸಿದೆ. ಈಗ ತಿಂಗಳಿಗೆ, ವರ್ಷಕ್ಕೆ, ಇಲ್ಲವೇ ಮೂರು ವರ್ಷಕ್ಕೆ ಬಾಡಿಗೆ ಕಟ್ಟಬೇಕು, ಅದೂ ಒಬ್ಬೊಬ್ಬರ ಹೆಸರಿಗೆ.

ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿದಿದ್ದು ಡ್ರಾಯಿಂಗ್‌ಗಳಿಗೆ. ಹದಿನಾಲ್ಕು ಫೈಲು ಅದೇ ಅಕೌಂಟಿನ ಆನ್‌ಲೈನ್ ಡ್ರೈವ್‌ನಲ್ಲಿದ್ದವು. ಅಕೌಂಟ್ ನಂದಲ್ಲ, ಯಾರನ್ನ ಕೇಳಲಿ? ಮನೆ ಕಟ್ಟಿಸುವವರಿಗೆ ಕಳಿಸಿದ್ದ ಪಿಡಿಎಫ್ ನೋಡಿಕೊಂಡು ಡ್ರಾಫ್ಟ್ಸ್‌ಮನ್ ಒಂದು ವಾರ ಮತ್ತೆ ಎಳೆದ, ಪಾಪ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯ್ತು. ಕಳ್ಳ ಕಾಪಿ ಅಂತ ಗೊತ್ತಿದ್ದೂ ಬಳಸಿದರೆ ಕಾಪಿರೈಟ್ ಕಾಯ್ದೆಯ 63ಬಿ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಓಡಿಸುವ ಕಳ್ಳದಾರಿ) ಹಾಕಿಕೊಡ್ತೀನಿ ಅನ್ನುವವರು ಇದನ್ನ ಹೇಳಲ್ಲ.

ತಗೊಳ್ಳೋದೇ ಆದರೆ ನಿಮ್ಮದೇ ಈಮೇಲ್‌ನಲ್ಲಿ ಅಕೌಂಟ್ ಮಾಡಿ, ಜಿಎಸ್‌ಟಿ ಬಿಲ್ ಕೈಗೆ ಬಂದ ಮೇಲೆ ದುಡ್ಡು ಕೊಡಿ. ನಾನೀಗ ಪ್ಲಾನ್‌ಗಳಿಗೆ ಲಿಬ್ರೆಕ್ಯಾಡ್ ಅನ್ನೋ ಬೇರೆ ಸಾಫ್ಟ್‌ವೇರ್ ಬಳಸುತ್ತೇನೆ. ಪುಕ್ಕಟೆ, ವ್ಯಾಪಾರಕ್ಕೂ ಅಡ್ಡಿ ಇಲ್ಲ. ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಫೈಲಾಗಿ ಸೇವ್ ಆಗಲ್ಲ, ಡಿಎಕ್ಸ್‌ಎಫ್ ಅನ್ನೋ ಇನ್ನೊಂದು ಬಗೆಯ ಫೈಲು ಕೊಡಬೇಕು. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸ್ವಲ್ಪ ಗೊಣಗುತ್ತಾರೆ.

ಮೊನ್ನೆ ಬೇರೆ ನಂಬರಿನಿಂದ ಅದೇ ಮೆಸೇಜು ಬಂತು. ಈ ಸಲ 4,500 ಅಂತೆ.