ಕಣ್ಣ ಕೆಳಗಿನ ಊತ, ಕಪ್ಪು: ನಾನು ಬಳಸಿ ನೋಡಿದವುಗಳಲ್ಲಿ ಯಾವುದು ವಾಸಿ?

ಕಣ್ಣ ಕೆಳಗಿನ ಊತವೂ ಕಪ್ಪೂ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ, ಆದರೆ ಎರಡರ ಮದ್ದೂ ಬೇರೆ ಬೇರೆ. 'ಎರಡಕ್ಕೂ ಒಂದೇ' ಎಂದು ಬರೆದ ಐ ಕ್ರೀಮ್‌ಗಳು ನನಗೆ ಬರೀ ತೇವ ಕೊಟ್ಟವು, ಅಷ್ಟೇ. ಅದಕ್ಕೇ ಇಲ್ಲಿ ಊತದ್ದನ್ನೂ ಕಪ್ಪಿನದ್ದನ್ನೂ ಬೇರೆ ಮಾಡಿಯೇ ಹೋಲಿಸುತ್ತೇನೆ.

ಮೊದಲು ಊತ. ರಾತ್ರಿಯೆಲ್ಲ ಮಟ್ಟಸವಾಗಿ ಮಲಗಿದಾಗ ಅಲ್ಲಿ ನೀರು ನಿಲ್ಲುತ್ತದೆ. ಕಣ್ಣಿನ ಸುತ್ತಲ ಚರ್ಮ ಹೆಚ್ಚೂಕಡಿಮೆ ಅರ್ಧ ಮಿಲಿಮೀಟರ್ ದಪ್ಪ ಮಾತ್ರ, ಹಾಗಾಗಿ ಸ್ವಲ್ಪ ನೀರು ನಿಂತರೂ ಎದ್ದು ಕಾಣುತ್ತದೆ. ಒಂದು ಕಣ್ಣಿಗೆ ಕೆಫೀನ್ ಸೀರಮ್ ಹಚ್ಚಿ, ಇನ್ನೊಂದಕ್ಕೆ ಫ್ರಿಜ್‌ನಲ್ಲಿಟ್ಟ ಚಮಚದ ಬೆನ್ನನ್ನು ಒತ್ತದೆ ಮೂಗಿನ ಕಡೆಯಿಂದ ಹೊರಗೆ ಸರಿಸುತ್ತಾ ಹಿಡಿದು ನೋಡಿದೆ. ಚಮಚದ ಕಣ್ಣೇ ಬೇಗ ಇಳಿಯಿತು. ಕೆಫೀನ್ ಕೂಡ ರಕ್ತನಾಳಗಳನ್ನು ಕುಗ್ಗಿಸುತ್ತದೆ, ನಿಜ. ಆದರೆ ಲೋಹದ ಗುಂಡಿರುವ ರೋಲ್-ಆನ್‌ನಲ್ಲಿ ಬಹುಪಾಲು ಕೆಲಸ ಆ ಗುಂಡಿನ ತಂಪಿನದ್ದೇ ಎಂದು ನನಗನ್ನಿಸಿದೆ. ತಣ್ಣಗೆ ಮಾಡಿದ ಟೀ ಬ್ಯಾಗ್ ಸಹ ಇದೇ ಜಾತಿ, ಮೇಲಿಂದ ಕೆನ್ನೆ ತುಂಬ ಸೋರುತ್ತದೆ. ಯಾವುದರ ಫಲವೂ ಕೆಲವು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ತಲೆಗೆ ಇನ್ನೊಂದು ದಿಂಬು, ರಾತ್ರಿ ಊಟದಲ್ಲಿ ಕಡಿಮೆ ಉಪ್ಪು: ಇವೆರಡು ಸೀರಮ್‌ಗಿಂತ ನನಗೆ ಹೆಚ್ಚು ಆಗಿಬಂದವು.

ಬೆಳಿಗ್ಗೆಯೂ ಸಂಜೆಯೂ ಒಂದೇ ಸಮ ಇರುವ ಚೀಲದಂಥ ಊತ ಸಾಮಾನ್ಯವಾಗಿ ಕೊಬ್ಬಿನದ್ದು. ಅದನ್ನು ಕ್ರೀಮ್ ಕರಗಿಸುವುದಿಲ್ಲ. ಒಂದೇ ಕಣ್ಣು ಊದಿಕೊಂಡರೆ, ನೋವಿದ್ದರೆ, ಅಥವಾ ಕಾಲೂ ಊದುತ್ತಿದ್ದರೆ ಇವೆಲ್ಲ ಬಿಟ್ಟು ಡಾಕ್ಟರಿಗೆ ತೋರಿಸಿ.

ಇನ್ನು ಕಪ್ಪು. ಕಿಟಕಿಯ ಬೆಳಕಲ್ಲಿ ಕನ್ನಡಿ ಹಿಡಿದು ಚರ್ಮವನ್ನು ಮೆಲ್ಲಗೆ ಎಳೆದು ನೋಡಿ. ಕಂದು ಬಣ್ಣ ಹಾಗೇ ಇದ್ದರೆ ಅದು ಚರ್ಮದ್ದೇ ಬಣ್ಣ. ನೀಲಿ, ನೇರಳೆ ಇನ್ನಷ್ಟು ಕಂಡರೆ ಒಳಗಿನ ರಕ್ತನಾಳದ್ದು. ಮುಖ ಬೆಳಕಿಗೆ ಎತ್ತಿದಾಗ ಮಾಯವಾದರೆ ಬರೀ ಗುಳಿಯ ನೆರಳು. ನನ್ನದು ಕಂದು, ಜೊತೆಗೆ ಸ್ವಲ್ಪ ನೆರಳು. ವಿಟಮಿನ್ ಸಿ ಕಂದನ್ನು ನಿಧಾನಕ್ಕೆ ತಿಳಿ ಮಾಡಿತು. ವಿಟಮಿನ್ ಎ ಜಾತಿಯ ರೆಟಿನಾಲ್ ಮೊದಮೊದಲು ಚರ್ಮ ಒಣಗಿಸಿ ಸಿಪ್ಪೆ ಏಳಿಸಿತು, ಆಮೇಲೆ ಸಣ್ಣ ಗೆರೆಗಳು ಕಡಿಮೆಯಾದವು. ಬಸುರಿಯರು ಮಾತ್ರ ಅದನ್ನು ಮುಟ್ಟಬಾರದು. ಎರಡಕ್ಕೂ ತಿಂಗಳುಗಟ್ಟಲೆ ತಾಳ್ಮೆ ಬೇಕು, ಸನ್‌ಸ್ಕ್ರೀನ್ ಇಲ್ಲದಿದ್ದರೆ ಎರಡೂ ದಂಡ.

ಮುಚ್ಚುವ ವಿಷಯಕ್ಕೆ ಬಂದರೆ ವ್ಯತ್ಯಾಸ ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಮೈಬಣ್ಣಕ್ಕಿಂತ ತಿಳಿಯಾದ ಕನ್ಸೀಲರ್ (ಕಲೆ ಮುಚ್ಚುವ ಮೇಕಪ್) ಒಂದನ್ನೇ ಹಚ್ಚಿದರೆ ಕಪ್ಪಿನ ಮೇಲೆ ಬೂದಿ ಬಳಿದ ಹಾಗಿರುತ್ತದೆ. ಊತದ ಮೇಲಂತೂ ತಿಳಿ ಬಣ್ಣ ಉಬ್ಬನ್ನು ಇನ್ನೂ ಮುಂದೆ ತಂದು ತೋರಿಸುತ್ತದೆ. ಇದಕ್ಕೆ ಎದುರಾಗಿ, ಕಪ್ಪಿನ ಬಣ್ಣವನ್ನು ಮಂಕು ಮಾಡುವ ಕಿತ್ತಳೆ ಬಣ್ಣದ ಕರೆಕ್ಟರನ್ನು (ಮೈಬಣ್ಣ ತಿಳಿಯಿದ್ದರೆ ಪೀಚ್) ಕಪ್ಪಿರುವಲ್ಲಿ ಮಾತ್ರ ಉಂಗುರ ಬೆರಳಲ್ಲಿ ತಟ್ಟಿ, ಮೇಲೆ ಮೈಬಣ್ಣದ್ದೇ ಕನ್ಸೀಲರನ್ನು ತೆಳ್ಳಗೆ ಹಚ್ಚಿದಾಗ ಅರ್ಧಕ್ಕರ್ಧ ಕಡಿಮೆ ಸರಕಿನಲ್ಲಿ ಕೆಲಸ ಮುಗಿಯಿತು. ಊತವಿದ್ದ ದಿನ ತಿಳಿ ಬಣ್ಣವನ್ನು ಉಬ್ಬಿನ ಕೆಳಗಿನ ಗುಳಿಗೆ ಮಾತ್ರ ಎಳೆಯಿರಿ, ಉಬ್ಬನ್ನು ಬಿಟ್ಟುಬಿಡಿ. ಕ್ರೀಮ್ ಇಂಗುವ ಮುಂಚೆ ಹಚ್ಚಿದರೆ ಜಾರುತ್ತದೆ; ಪೌಡರ್ ಜಾಸ್ತಿಯಾದರೆ ಮಧ್ಯಾಹ್ನದ ಹೊತ್ತಿಗೆ ಗೆರೆ ಗೆರೆಯಾಗಿ ಬಿರಿಯುತ್ತದೆ.

ದಿನವಿಡೀ ನಿಲ್ಲುವ ದಪ್ಪ ಕನ್ಸೀಲರನ್ನು ನಾನು ಕೈಬಿಟ್ಟಿದ್ದಕ್ಕೆ ಇನ್ನೊಂದು ಕಾರಣ ರಾತ್ರಿ ಅದನ್ನು ತೆಗೆಯುವ ಪಾಡು. ಉಜ್ಜಿದಷ್ಟೂ ಅಲ್ಲಿ ಕಪ್ಪು ಹೆಚ್ಚುತ್ತದೆ. ತೆಳು ಪದರವಾದರೆ ಎಣ್ಣೆಯ ಕ್ಲೆನ್ಸರ್ ಹಾಕಿದ ಹತ್ತಿಯನ್ನು ಕಣ್ಣ ಮೇಲೆ ಸ್ವಲ್ಪ ಹೊತ್ತು ಇಟ್ಟು ಒಮ್ಮೆ ಕೆಳಗೆ ಜಾರಿಸಿದರೆ ಸಾಕು, ಬಂದುಬಿಡುತ್ತದೆ.