ತಿಹಾರ್ ಫುಡ್ ಕೋರ್ಟಲ್ಲಿ ಊಟ, ಎದುರಿಗೆ ಅಪ್ಪ, ಮಾತೆಲ್ಲಾ ಕಿರಣ್ ಬೇಡಿ

ದಿಲ್ಲಿಗೆ ಬಂದಿದ್ದ ಅಪ್ಪಂಗೆ ಕೆಂಪುಕೋಟೆ, ಕುತುಬ್ ಮಿನಾರು, ಅಕ್ಷರಧಾಮ ಎಲ್ಲಾ ತೋರ್ಸಿ ಆಗಿತ್ತು, ಇನ್ನೇನು ನೋಡ್ಬೇಕಪ್ಪ ಹೇಳಿ ಅಂದ್ರೆ 'ತಿಹಾರ್ ಜೈಲು ಎಲ್ಲೈತಮ್ಮ' ಅಂದ್ರು. ಮೂವತ್ಮೂರು ವರ್ಷ ಹಾಸನ ಜಿಲ್ಲೇಲಿ ಪೊಲೀಸ್ ಕೆಲ್ಸ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದೋರು, ಇನ್ನೇನ್ ತಾನೆ ಕೇಳ್ತಾರೆ. ಒಳಗೆ ಬಿಡಲ್ಲಪ್ಪ, ಆದ್ರೆ ಜೈಲ್ ರೋಡಲ್ಲಿ ಒಂದು ಹೋಟ್ಲಿದೆ, ಕೈದಿಗಳೇ ನಡೆಸೋದು, ಬೇಕಾದ್ರೆ ಮಧ್ಯಾಹ್ನ ಊಟಕ್ಕೆ ಹೋಗಣ ಅಂದೆ. ಸ್ವೆಟರ್ ಹಾಕ್ಕೊಂಡು ಐದು ನಿಮಿಷಕ್ಕೆ ರೆಡಿ.

ಇದು 2016ರ ಡಿಸೆಂಬರ್ ಮಾತು, ನೋಟ್ ಬ್ಯಾನ್ ಆಗಿ ಎಲ್ಲಾರೂ ಎಟಿಎಂ ಕ್ಯೂಲಿ ನಿಂತಿದ್ದ ಟೈಮು, ನಾನು ನೂರರ ನೋಟು ಜೋಡಿಸಿಟ್ಕೊಂಡೇ ಹೊರಟಿದ್ದೆ. ತಿಲಕ್ ನಗರ್ ಮೆಟ್ರೋ ಇಳಿದು ಆಟೋ ಹಿಡಿದ್ರೆ ದೂರ ಏನಿಲ್ಲ. ತಿಹಾರ್ ಫುಡ್ ಕೋರ್ಟ್ ಅಂತ ಹೆಸ್ರು, 2014ರಲ್ಲಿ ಶುರುವಾಗಿದ್ದು, ಐವತ್ತು ಜನ ಕೂರೋ ಅಷ್ಟು ಜಾಗ. ಮೇಜು ಕುರ್ಚಿ ಜೈಲಿನ ಮರಗೆಲಸದ ಶೆಡ್ಡಲ್ಲೇ ಮಾಡಿದ್ದು, ಗೋಡೆ ಮೇಲಿರೋ ಪೇಂಟಿಂಗ್ ಕೈದಿಗಳು ಬರೆದಿದ್ದು. ಅಡುಗೆಯೋರು, ಸಪ್ಲೈಯರ್ಸು ಎಲ್ಲಾ ಶಿಕ್ಷೆ ಆಗಿರೋರು, ಒಳ್ಳೆ ನಡತೆ ಅಂತ ರೆಕಾರ್ಡ್ ಇದ್ದು ಶಿಕ್ಷೆ ಮುಗಿಯೋಕೆ ಹತ್ರ ಬಂದಿರೋರನ್ನ ಮಾತ್ರ ಆರಿಸಿ, ಟ್ರೈನಿಂಗ್ ಕೊಟ್ಟು ಹಾಕಿರೋದು.

ಒಳಗೆ ಹೋಗಿ ಕೂತ್ರೆ, ಏನಪ್ಪಾ ಹೇಳೋದು, ಯಾವ್ದೇ ದರ್ಶಿನಿಗಿಂತ ಕ್ಲೀನಾಗಿತ್ತು. ಅಪ್ಪ ಮಾತ್ರ ಗೋಡೆಗೆ ಬೆನ್ನು ಕೊಟ್ಟು ಬಾಗ್ಲು ಕಾಣೋ ಹಂಗೆ ಕೂತ್ರು, ಮದ್ವೆ ಮನೇಲೂ ಹಂಗೇ ಕೂರೋದು ಅವ್ರು, ಅದು ಹೋಗೋ ಅಭ್ಯಾಸ ಅಲ್ಲ. ನೀರು ತಂದಿಟ್ಟ ಹುಡ್ಗನ್ನ (ಹುಡ್ಗ ಅಂದ್ರೆ ಮೂವತ್ತೈದು ಆಗಿರ್ಬೋದು) ಮೇಲಿಂದ ಕೆಳಗೆ ಒಂದ್ಸಲ ನೋಡಿ ಮೆಲ್ಲಗೆ ಕನ್ನಡದಲ್ಲಿ 'ಯಾವ ಸೆಕ್ಷನ್ನೋ ಏನೋ' ಅಂದ್ರು. ಸುಮ್ನಿರಿ ಅಪ್ಪ ಅಂದೆ.

ರಾಜ್ಮಾ ಚಾವಲ್ ಒಂದು, ರೋಟಿ ಪಲ್ಯ ದಾಲ್ ಇರೋ ಊಟ ಒಂದು ಹೇಳಿದ್ವಿ. ರಾಜ್ಮಾ ಚೆನ್ನಾಗಿ ಬೆಂದು ಗಸಿ ಹಿಡ್ಕೊಂಡಿತ್ತು, ಕಾಳು ಬೆರಳಲ್ಲಿ ಒತ್ತಿದ್ರೆ ಬೆಣ್ಣೆ. ರೋಟಿ ಬಿಸಿಬಿಸಿ, ಒಂದೊಂದಾಗೇ ತಂದು ಹಾಕ್ತಿದ್ರು, ನಮ್ಮೂರ ಮದ್ವೆ ಪಂಕ್ತೀಲಿ ಬಡಿಸಿದ ಹಾಗೆ ಸಾಕು ಅನ್ನೋವರ್ಗೂ ಕೇಳಿ ಕೇಳಿ. ಅಪ್ಪಂಗೆ ಅನ್ನಕ್ಕೆ ಸಾರಿಲ್ದೆ ಊಟ ಅನ್ಸಲ್ಲ, ಅದು ಅಪ್ಪನ ಪ್ರಾಬ್ಲಮ್ಮು, ಹೋಟ್ಲದ್ದಲ್ಲ, ಎಲ್ಲಿಗೋದ್ರೂ ಇದೇ ಗೋಳು. ಟೀ ಶುಂಠಿ ಹಾಕಿ ಕುದಿಸಿದ್ದು, ಅದನ್ನ ಎರಡ್ಸಲ ತರ್ಸಿದ್ರು.

'ಇದೆಲ್ಲಾ ಆ ಯಮ್ಮಂದೇ ಅಲ್ವೇನಮ್ಮ, ಕಿರಣ್ ಬೇಡಿದು?' ಅಂತ ಅಪ್ಪ ಕೇಳಿದ್ದೇ ತಡ ಊಟ ಹಿಂದಕ್ಕೆ ಹೋಯ್ತು. ದೇಶದ ಮೊದಲ ಮಹಿಳಾ ಐಪಿಎಸ್ ಆಫೀಸರು, ಒಂದು ಕಾಲದಲ್ಲಿ ಈ ತಿಹಾರ್ ಜೈಲು ನೋಡ್ಕೊಂಡೋರು, ನಮ್ಮನೇಲಿ ಆ ಹೆಸ್ರು ಬಂದ್ರೆ ಅಷ್ಟೇ ಕತೆ. ನಾನು ಎಂಟ್ನೇ ಕ್ಲಾಸಲ್ಲಿ ಬಸ್ಸಲ್ಲಿ ಒಬ್ಬಂಗೆ ಛತ್ರೀಲಿ ತಿವಿದಿದ್ದಕ್ಕೆ ಅತ್ತೆ 'ಬಂದ್ಲು ನೋಡು ಕಿರಣ್ ಬೇಡಿ' ಅಂದಿದ್ರು, ಬೈಗುಳ ಅಂತ ಅಂದಿದ್ದು, ನಾನು ಬಿರುದು ಅಂತ ಇಟ್ಕೊಂಡೆ. ಆ ಕಾಲದಲ್ಲಿ ಕರ್ನಾಟಕದಲ್ಲಿ ಜೋರು ಬಾಯಿ ಇರೋ ಪ್ರತಿ ಹುಡ್ಗಿಗೂ ಒಂದಲ್ಲ ಒಂದಿನ ಈ ಹೆಸ್ರು ಬಿದ್ದೇ ಇರುತ್ತೆ.

ಹೋಟ್ಲು ಅವ್ರದ್ದಲ್ಲ ಅಂತ ಅಪ್ಪಂಗೆ ಹೇಳ್ದೆ. ಅವ್ರು ಇಲ್ಲಿ ಜೈಲುಗಳ ಐಜಿ ಆಗಿದ್ದು 1993ರಿಂದ 95ರವರೆಗೆ, ಎರಡೇ ವರ್ಷ. ಫುಡ್ ಕೋರ್ಟ್ ಬಂದಿದ್ದು ಅದಾಗಿ ಹತ್ತೊಂಬತ್ತು ವರ್ಷಕ್ಕೆ, ಜೈಲಿನ ಫ್ಯಾಕ್ಟರಿ ಅವ್ರಿಗಿಂತ ಎಷ್ಟೋ ಮುಂಚಿಂದು. ಆದ್ರೆ ಅವ್ರು ಬಂದಾಗ ಎರಡೂವರೆ ಸಾವಿರ ಜನಾನೂ ಹಿಡಿಸದ ಜಾಗದಲ್ಲಿ ಎಂಟೊಂಬತ್ತು ಸಾವಿರ ಜನ ತುಂಬಿದ್ರು, ಬಹುಪಾಲು ವಿಚಾರಣೇನೇ ಮುಗೀದಿರೋರು. ದೂರು ಬರೆದು ಹಾಕೋಕೆ ಪೆಟ್ಟಿಗೆ ಬ್ಯಾರಕ್ ಬ್ಯಾರಕ್ಕಿಗೂ ಕಳಿಸಿದ್ರು, ಬೀಡಿ ಸಿಗರೇಟು ಬಂದ್ ಮಾಡಿದ್ರು, ಓದು ಬರಹ ಬಂದೋರು ಬರ್ದಿರೋರಿಗೆ ಕಲಿಸ್ಬೇಕು ಅಂತ ಮಾಡಿದ್ರು, 1994ರ ಏಪ್ರಿಲ್ಲಲ್ಲಿ ಧ್ಯಾನದ ಗುರು ಗೋಯೆಂಕಾ ಅವ್ರನ್ನ ಕರೆಸಿ ಸಾವಿರ ಜನ ಕೈದಿಗಳನ್ನ ಹತ್ತು ದಿನ ವಿಪಶ್ಯನ ಧ್ಯಾನಕ್ಕೆ ಕೂರಿಸಿದ್ರು. ಹತ್ತು ದಿನ ಮಾತಿಲ್ದೆ! ಮಾತಿಗೇ ಫೇಮಸ್ಸಾದ ಆಫೀಸರು ಮಾಡಿಸಿದ ಕೆಲ್ಸದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಆಗಿರೋದು ಇದೇ. ಅದೇ ವರ್ಷ ಮ್ಯಾಗ್ಸೇಸೆ ಪ್ರಶಸ್ತಿ ಬಂತು, ಮುಂದಿನ ವರ್ಷ ಟ್ರಾನ್ಸ್‌ಫರ್ರೂ ಬಂತು. ಪ್ರಶಸ್ತಿ, ಫೋಟೋ, ವಿದೇಶದಿಂದ ಆಹ್ವಾನ ಎಲ್ಲಾ ಮೇಲಿನೋರ ಕಣ್ಣು ಕುಕ್ಕಿತು ಅನ್ನೋರಿದಾರೆ, ಅಲ್ಲಿ ಕೈದಿಯಾಗಿದ್ದ ಕುಖ್ಯಾತ ಕೊಲೆಗಾರ ಚಾರ್ಲ್ಸ್ ಶೋಭರಾಜ್‌ಗೆ ಟೈಪ್‌ರೈಟರ್ ಸಿಕ್ಕಿದ್ದು ಬೇರೆ ದೊಡ್ಡ ಗಲಾಟೆ ಆಯ್ತು.

ಅಪ್ಪಂಗೆ ಆ ವಿಪಶ್ಯನ ಗಿಪಶ್ಯನ ಎಲ್ಲಾ ಬೇಕಿರ್ಲಿಲ್ಲ. ಅವ್ರಿಗೆ ಬೇಕಿದ್ದು ಕ್ರೇನ್ ಕತೆ.

1982, ದಿಲ್ಲೀಲಿ ಏಷ್ಯಾಡ್ ಕ್ರೀಡಾಕೂಟ ಆದ ವರ್ಷ, ಬೇಡಿ ದಿಲ್ಲಿ ಟ್ರಾಫಿಕ್ ಡಿಸಿಪಿ, ಕಂಡಕಂಡಲ್ಲಿ ನಿಲ್ಸಿದ ಗಾಡಿ ಎತ್ತಿಸಿ ಎತ್ತಿಸಿ 'ಕ್ರೇನ್ ಬೇಡಿ' ಅಂತ ಹೆಸ್ರು ಬಿದ್ದಿತ್ತು. ಕನಾಟ್ ಪ್ಲೇಸಲ್ಲಿ ಒಂದು ಬಿಳಿ ಅಂಬಾಸಿಡರ್ ರಾಂಗ್ ಪಾರ್ಕಿಂಗ್, ಎತ್ಕೊಂಡು ಹೋದ್ರು, ಆಮೇಲೆ ನೋಡಿದ್ರೆ ಪ್ರಧಾನಿ ಆಫೀಸಿನ ಗಾಡಿ. ಇಂದಿರಾ ಗಾಂಧಿ ಆಗ ದೇಶದಲ್ಲೇ ಇರ್ಲಿಲ್ಲ, ಹೊರಗೆ ಹೋಗಿದ್ರು. ನಮ್ಮ ಕಡೆ ಈ ಕತೆ ಹೆಂಗೆ ಬೆಳೆದಿತ್ತು ಅಂದ್ರೆ ಇಂದಿರಾ ಗಾಂಧಿ ಒಳಗೆ ಕೂತಿರೋ ಹಂಗೇ ಬೇಡಿ ಕೈಯಾರೆ ಕೊಕ್ಕೆ ಹಾಕಿ ಎಳ್ಕೊಂಡು ಹೋದ್ರು ಅನ್ನೋ ತನಕ! ಗಾಡಿ ಎತ್ತಿಸಿ ಚಲನ್ ಹಾಕಿದ್ದು ನಿರ್ಮಲ್ ಸಿಂಗ್ ಅನ್ನೋ ಸಬ್ ಇನ್ಸ್‌ಪೆಕ್ಟರು. ಇದನ್ನ ಹೇಳಿದ್ರೆ ಅಪ್ಪಂಗೆ ಬೇಜಾರಾಗುತ್ತೆ ಅನ್ಕೊಂಡಿದ್ದೆ. ಆಗ್ಲಿಲ್ಲ. ರೋಟಿ ಮುರಿಯೋದು ನಿಲ್ಸಿ ಕೇಳಿದ್ರು, 'ಆ ಎಸ್ಸೈನ ಏನ್ ಮಾಡಿದ್ರು?' ಏನೂ ಮಾಡೋಕೆ ಬೇಡಿ ಬಿಡ್ಲಿಲ್ಲವಂತೆ, ಅವನು ಮಾಡಿದ್ದು ಸರಿ ಅಂತ ಬೆನ್ನಿಗೆ ನಿಂತ್ರಂತೆ ಅಂದೆ. 'ಅಷ್ಟು ಸಾಕು ಕಣಮ್ಮ' ಅಂದ್ರು. ಆಮೇಲೆ ಅವ್ರೇ ಹೇಳಿದ್ರು, ಒಂದ್ಸಲ ಒಬ್ಬ ದೊಡ್ಡ ಮನುಷ್ಯನ ಜೀಪ್ ಅಡ್ಡ ಹಾಕಿದ್ದಕ್ಕೆ ಅವ್ರ ಮೇಲಧಿಕಾರಿ ಎಲ್ಲರ ಮುಂದೆ ಅಪ್ಪನ ಕೈಲಿ ಸಾರಿ ಕೇಳಿಸಿದ್ರಂತೆ, ಅದೂ ಎರಡ್ಸಲ, ಮೊದಲ್ಸಲ ಕೇಳಿದ್ದು ಆ ದೊಡ್ಡ ಮನುಷ್ಯಂಗೆ ಕೇಳಿಸ್ಲಿಲ್ಲ ಅಂತ. ಮೂವತ್ತು ವರ್ಷದ ಹಿಂದಿನ ವಿಷ್ಯ, ಇಷ್ಟು ವರ್ಷದಲ್ಲಿ ನಂಗೆ ಹೇಳೇ ಇರ್ಲಿಲ್ಲ. ಅಮ್ಮಂಗೂ ಹೇಳಿಲ್ವಂತೆ.

ಆ ಹುಡ್ಗ ಬಂದು ಇನ್ನೊಂದು ರೋಟಿ ಹಾಕಿದ.

ಆದ್ರೂ ನಾನು ಸುಮ್ನೆ ಭಜನೆ ಮಾಡೋಳಲ್ಲ, ಅಪ್ಪನ ಹತ್ರ ವಾದ ಮಾಡಿದೀನಿ. 1988ರಲ್ಲಿ ಕಾಲೇಜಲ್ಲಿ ಕಳ್ಳತನದ ಆರೋಪದ ಮೇಲೆ ಸಿಕ್ಕಿಬಿದ್ದ ಒಬ್ಬ ವಕೀಲಂಗೆ ಕೋಳ ಹಾಕಿ ಕೋರ್ಟಿಗೆ ತಂದ್ರು ಅಂತ ಶುರುವಾಗಿ, ದಿಲ್ಲಿಯ ತೀಸ್ ಹಜಾರಿ ಕೋರ್ಟಲ್ಲಿ ವಕೀಲರ ಮೇಲೆ ಲಾಠಿ ಚಾರ್ಜಾಗಿ, ವಾರಗಟ್ಟಲೆ ಕೋರ್ಟ್ ಬಂದ್ ಆಗಿ, ಜಡ್ಜ್ ವಾಧ್ವಾ ಅವ್ರ ಸಮಿತಿ ತನಿಖೆ ತನಕ ಹೋಯ್ತು. ಅಲ್ಲೂ ಅವ್ರು ತಮ್ಮೋರ ಬೆನ್ನಿಗೇ ನಿಂತಿದ್ದು, ಆದ್ರೆ ಅಲ್ಲಿ ಅದು ಸರಿಯಾ? ಕ್ರೇನ್ ಕೇಸಲ್ಲಿ ಚಪ್ಪಾಳೆ ಹೊಡೆದೋರು ಇಲ್ಲೂ ಹೊಡೀಬೇಕಾ? ಮಿಜೋರಾಂನಲ್ಲಿದ್ದಾಗ ಮಗಳಿಗೆ ಅಲ್ಲಿನ ಕೋಟಾದಲ್ಲಿ ಮೆಡಿಕಲ್ ಸೀಟು ಕೊಡ್ಸಿದ್ರು ಅಂತ ಅಲ್ಲಿನ ಸ್ಟೂಡೆಂಟ್ಸ್ ಬೀದಿಗಿಳಿದ್ರು. ರೂಲ್ಸಲ್ಲಿ ಇತ್ತು ಅಂತ ಅವ್ರ ವಾದ. ರೂಲ್ಸಲ್ಲಿ ಇರೋದೆಲ್ಲಾ ಮಾಡ್ಬೇಕಂತೇನಿಲ್ವಲ್ಲ, ಅಷ್ಟಕ್ಕೂ ಬೇರೆಯೋರಿಗೆ ನೀತಿ ಹೇಳೋರು. 2011ರಲ್ಲಿ ಅಣ್ಣಾ ಹಜಾರೆ ಸ್ಟೇಜ್ ಮೇಲೆ ತಲೆಗೆ ಬಟ್ಟೆ ಹೊದ್ಕೊಂಡು ರಾಜಕಾರಣಿಗಳನ್ನ ಅಣಕಿಸಿದ್ರು, ಅದೇ ವರ್ಷ ಭಾಷಣಕ್ಕೆ ಕರೆದ ಸಂಸ್ಥೆಗಳಿಗೆ ವಿಮಾನದ ಚಾರ್ಜು ಜಾಸ್ತಿ ತೋರ್ಸಿ ಬಿಲ್ ಮಾಡಿದ್ದು ಪೇಪರಲ್ಲಿ ಬಂತು, ಉಳಿದ ದುಡ್ಡು ತಮ್ಮ ಟ್ರಸ್ಟಿಗೆ ಹೋಯ್ತು ಅಂದ್ರು. 'ಟಿಎ ಬಿಲ್ಲಲ್ಲಿ (ಪ್ರಯಾಣದ ಖರ್ಚಿನ ಬಿಲ್ಲು) ಆಟ ಆಡಿದ್ರೆ ಪಿಸಿ, ಅಂದ್ರೆ ಕಾನ್‌ಸ್ಟೇಬಲ್ ಆದ್ರೆ ಸಸ್ಪೆಂಡು' ಅಂತ ಅಪ್ಪ ನಕ್ರು.

2007ರಲ್ಲಿ ದಿಲ್ಲಿ ಕಮಿಷನರ್ ಪೋಸ್ಟು ಅವ್ರನ್ನ ಬಿಟ್ಟು ಅವ್ರಿಗಿಂತ ಜೂನಿಯರ್ ಆಗಿದ್ದ ದಡ್ವಾಲ್ ಅವ್ರಿಗೆ ಹೋಯ್ತು, ವರ್ಷದ ಕೊನೇಲಿ ವಿಆರ್‌ಎಸ್ ತಗೊಂಡ್ರು. ದೇಶದ ಮೊದಲ ಮಹಿಳಾ ಐಪಿಎಸ್, 1972ರ ಬ್ಯಾಚು, 1978ರಲ್ಲಿ ಇಂಡಿಯಾ ಗೇಟ್ ಹತ್ರ ಕಿರ್ಪಾನ್ (ಸಿಖ್ಖರ ಕತ್ತಿ) ಹಿಡಿದು ನುಗ್ಗಿದೋರ ಎದುರು ಬರೀ ಲಾಠೀಲಿ ನಿಂತು ರಾಷ್ಟ್ರಪತಿ ಮೆಡಲ್ ತಗೊಂಡೋರು, ಒಂದು ಊರಿಗೂ ಕಮಿಷನರ್ ಆಗ್ದೇನೇ ಮನೆಗೆ ಹೋದ್ರು. ಇದು ಅನ್ಯಾಯಾನೇ, ಅದ್ರಲ್ಲಿ ಎರಡು ಮಾತಿಲ್ಲ. ಅದಾದ್ಮೇಲಿನ ಕತೆ ನಂಗೆ ಅಷ್ಟು ರುಚಿಸಲ್ಲ. 2015ರಲ್ಲಿ ಬಿಜೆಪಿ ಸೇರಿ ದಿಲ್ಲಿ ಸಿಎಂ ಕ್ಯಾಂಡಿಡೇಟ್ ಆಗಿ ತಾವು ನಿಂತ ಕೃಷ್ಣಾ ನಗರದಲ್ಲೇ 2,277 ವೋಟಲ್ಲಿ ಸೋತ್ರು, ಮಾರನೇ ವರ್ಷ ಪುದುಚೇರಿ ಲೆಫ್ಟಿನೆಂಟ್ ಗವರ್ನರು. ನಾವು ಊಟ ಮಾಡ್ತಿದ್ದಾಗ ಅಲ್ಲಿನ ಆಗಿನ ಮುಖ್ಯಮಂತ್ರಿ ನಾರಾಯಣಸ್ವಾಮಿ ಜೊತೆ ಜಟಾಪಟಿ ಇನ್ನೂ ಬಿಸಿ ಏರ್ತಾ ಇತ್ತು. ಆಮೇಲೆ 2018ರಲ್ಲಿ ಊರು ಕ್ಲೀನಿಲ್ಲ ಅಂದ್ರೆ ಪುಕ್ಕಟೆ ಅಕ್ಕಿ ಇಲ್ಲ ಅಂತ ಆರ್ಡರ್ ಮಾಡಿ ಬೈಸ್ಕೊಂಡು ವಾಪಸ್ ತಗೊಂಡ್ರು. 2020ರಲ್ಲಿ ಸೂರ್ಯ ಓಂ ಅಂತಾನೆ, ನಾಸಾ ರೆಕಾರ್ಡ್ ಮಾಡಿದೆ ಅಂತ ವಾಟ್ಸಾಪ್ ವಿಡಿಯೋ ಹಾಕಿದ್ರಲ್ಲ, ಆವತ್ತು ನಾನು ಅಪ್ಪಂಗೆ ಫೋನ್ ಮಾಡಿ 'ನೋಡಿದ್ರಾ ನಿಮ್ಮ ಮೇಡಮ್ಮು' ಅಂದ್ರೆ, 'ರಿಟೈರ್ ಆದ್ಮೇಲೆ ಎಲ್ಲಾರೂ ಫಾರ್ವರ್ಡ್ ಮಾಡ್ತಾರೆ ಬಿಡು' ಅಂದ್ರು. ಅವ್ರೂ ಅದನ್ನ ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು ಅನ್ನೋದು ಬೇರೆ ವಿಷ್ಯ.

ಸರಿ, ಹೋಟ್ಲಿಗೆ ವಾಪಸ್ ಬರ್ತೀನಿ. ರೇಟು ಕೈಗೆಟುಕೋ ಅಂಥದ್ದು, ಇಬ್ರು ಹೊಟ್ಟೆ ತುಂಬಾ ತಿಂದು ಟೀ ಕುಡಿದ್ರೂ ಜೇಬಿಗೇನೂ ಭಾರ ಆಗ್ಲಿಲ್ಲ. ಸ್ಟಾಫ್ ಮಾತು ಕಮ್ಮಿ, ಮರ್ಯಾದೆ ಜಾಸ್ತಿ. ಜೈಲಲ್ಲಿ ಮಾಡಿದ ಸಾಮಾನು 'ಟೀಜೇಸ್' ಅನ್ನೋ ಬ್ರಾಂಡಲ್ಲಿ ಮಾರ್ತಾರೆ, ಬಿಸ್ಕೆಟ್ಟು, ನಮ್ಕೀನು, ಸಾಸಿವೆ ಎಣ್ಣೆ, ಬಟ್ಟೆ ಎಲ್ಲಾ ಇರುತ್ತೆ. ನಾವು ಬಿಸ್ಕೆಟ್ ನಾಲ್ಕು ಪ್ಯಾಕೆಟ್ ತಗೊಂಡ್ವಿ, ಬಾಯಲ್ಲಿಟ್ರೆ ಕರಗೋ ಥರದ್ದು, ನಮ್ಮ ಅಯ್ಯಂಗಾರ್ ಬೇಕರಿ ಬೆಣ್ಣೆ ಬಿಸ್ಕೆಟ್ ನೆನಪಾಯ್ತು. ನಂದು ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಕಟ್ ಅಂದ್ರೆ ಅಪ್ಪಂಗೆ ಸಾರಿಲ್ಲ ಅಂತ, ಅವ್ರು ಹಠ ಹಿಡಿದು ಕಟ್ ಮಾಡ್ಸಿದ್ದು. ನಾನು ಹೋಗಿ ಸುಮಾರು ವರ್ಷ ಆಯ್ತು, ಹೊರಡೋ ಮುಂಚೆ ಒಂದು ಫೋನ್ ಹಾಕಿ ವಿಚಾರಿಸ್ಕೊಳ್ಳಿ.

ಏಳೋವಾಗ ಅಪ್ಪ ಆ ಹುಡ್ಗನ್ನ ಕೈಸನ್ನೆ ಮಾಡಿ ಕರೆದ್ರು. ನಂಗೆ ಎದೆ ಧಸಕ್ಕಂತು, ಎಲ್ಲಿ ಸೆಕ್ಷನ್ ಕೇಳ್ಬಿಡ್ತಾರೋ ಅಂತ. ಹರಕು ಮುರಕು ಹಿಂದೀಲಿ 'ಖಾನಾ ಖಾಯಾ?' ಅಂದ್ರು. ಅವನು ಒಂದು ಕ್ಷಣ ಅರ್ಥ ಆಗ್ದೇ ನಿಂತ, ಆಮೇಲೆ ನಕ್ಕು, ನೀವೆಲ್ಲಾ ಊಟ ಮಾಡಿ ಹೋದ್ಮೇಲೆ ನಮ್ದು ಅಂದ.

ಬಿಸ್ಕೆಟ್ಟು ಅಪ್ಪ ಊರಿಗೆ ತಗೊಂಡು ಹೋದ್ರು. ಹಳೇ ಸ್ಟೇಷನ್ನಿಗೆ ಹೋಗಿ ಎಲ್ಲಾ ಪಿಸಿಗಳಿಗೂ ಒಂದೊಂದು ಕೊಟ್ರಂತೆ, ತಿಂದು ಮುಗಿಸಿ ಚೆನ್ನಾಗಿದೆ ಅಂದ್ಮೇಲೇ ಹೇಳಿದ್ದಂತೆ ಎಲ್ಲಿಂದ ತಂದಿದ್ದು ಅಂತ.